ಶಿಖರ ಮುಟ್ಟಿ ಇಳಿದವನು

"ಗುರುಗಳೇ, ನನ್ನ ಜೊತೆಯ ಸಾಧಕರು ನಿಧಾನಸ್ಥರು. ಅವರಿಗಾಗಿ ಕಾಯುತ್ತ ಕೂತರೆ ನನ್ನ ಕಾಲ ಕಳೆದುಹೋಗುತ್ತದೆ. ಅವರನ್ನು ಬಿಟ್ಟು ನಡೆದರೆ ಬೇಗ ಗುರಿ ಸೇರಲಾರೆನೇ?" ಎಂದು ರುದ್ರಮುನಿ ಎಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಪರ್ವತಾರೋಹಿ ಇದ್ದ. ಅವನಿಗೊಬ್ಬ ಗೆಳೆಯ. ಇಬ್ಬರೂ ಹರೆಯದಿಂದ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಬೆಟ್ಟ ಹತ್ತಿದವರು. ಪರದೇಶದ ಒಂದು ಪರ್ವತವನ್ನು ಹತ್ತಬೇಕೆಂಬುದು ಇಬ್ಬರ ಬಹುದಿನದ ಆಸೆ. ಹೊರಡುವ ಕಾಲಕ್ಕೆ ಗೆಳೆಯನ ಮೊಣಕಾಲು ಕೈಕೊಟ್ಟಿತು. "ಮುಂದಿನ ಬೇಸಿಗೆಗೆ ಹೋಗೋಣ ಕಣೋ, ಅಷ್ಟರಲ್ಲಿ ಸರಿಹೋಗುತ್ತದೆ," ಎಂದು ಬೇಡಿಕೊಂಡ. ಪರ್ವತಾರೋಹಿ ಆಗಲಿ ಎಂದ. ಆದರೆ ಅವನ ಮನಸ್ಸು ಕಾಯಲೊಲ್ಲದು. ಗೆಳೆಯನಿಗೆ ಒಂದು ಮಾತೂ ಹೇಳದೆ ವಿಮಾನ ಹತ್ತಿದ.

ಆ ದೇಶದಲ್ಲಿಳಿದು ಒಂದು ಕಾರನ್ನು ಬಾಡಿಗೆಗೆ ಹಿಡಿದ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಕಲಿತಾಗಿನಿಂದ ಎಡಕ್ಕೇ ಓಡಿಸಿದ ಕೈ ಒಂದು ತಿರುವಿನಲ್ಲಿ ತಾನಾಗಿಯೇ ಎಡಕ್ಕೆ ಹೊರಳಿತು. ಎದುರಿಗೆ ಲಾರಿ ಬಂತು. ಕೂದಲೆಳೆಯಲ್ಲಿ ಪಾರಾಗಿ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ.

"ನೋಡಿದೆಯೇನೋ, ಬದುಕಿಕೊಂಡೆವು!" ಎಂದು ಪಕ್ಕಕ್ಕೆ ತಿರುಗಿದ.

ಪಕ್ಕದ ಸೀಟಿನಲ್ಲಿ ಅವನ ಚೀಲವಿತ್ತು.

ಅಲ್ಲಿಂದ ಮುಂದೆ ಮೆಲ್ಲಗೆ ಓಡಿಸಿದ. ದಾರಿ ಕವಲೊಡೆದಲ್ಲೆಲ್ಲ ನಿಲ್ಲಿಸಿ ನಕ್ಷೆ ನೋಡಿಕೊಂಡ. ಊಟದ ಮನೆಗಳಲ್ಲಿ ಬೆರಳು ತೋರಿಸಿ ತಿಂಡಿ ತರಿಸಿಕೊಂಡ. ಅಲ್ಲಿನವರ ಮಾತು ಅವನಿಗೆ ಬಾರದು, ಅವನಿಗೆ ಬರುವ ಮಾತು ಆಡುವವರಿಲ್ಲ. ಪರ್ವತದ ಬುಡ ಸೇರುವ ಹೊತ್ತಿಗೆ ತನ್ನ ದನಿ ಹೇಗಿತ್ತೆಂಬುದೇ ಅವನಿಗೆ ಮರೆತಂತಾಗಿತ್ತು.

ಹವೆ ಒಲಿಯಿತು. ಹಗ್ಗ ಹಿಡಿಯುವವರಿಲ್ಲದ ಕಾರಣ ಕಡಿದಾದ ಬಂಡೆಯ ಗೋಡೆಯನ್ನು ಬಿಟ್ಟು, ಬೆಟ್ಟದ ಬೆನ್ನಿನಂತೆ ಚಾಚಿದ ಏಣಿನ ದಾರಿಯಲ್ಲಿ ಹತ್ತಿದ. ಯಾರಿಗೂ ಕಾಯಬೇಕಾಗಿರಲಿಲ್ಲ. ಇಬ್ಬರಿದ್ದರೆ ಸಂಜೆಗೆ ಮುಟ್ಟಬಹುದಾಗಿದ್ದ ತುದಿಯನ್ನು ನಡುಹಗಲಿಗೆ ಮುಂಚೆಯೇ ಮುಟ್ಟಿದ. ಸುತ್ತ ಹಿಮದ ಗುಡ್ಡಗಳು ಕಣ್ಣು ಹಾಯುವವರೆಗೆ ಹಬ್ಬಿದ್ದವು. ಹಿಗ್ಗಿನಿಂದ ಜೇಬಿನ ಫೋನು ತೆಗೆದ. ಹೇಳಬೇಕಾದವನು ಒಬ್ಬನೇ ಇದ್ದ. ಅವನಿಗೆ ಹೇಳುವ ಮುಖ ಉಳಿದಿರಲಿಲ್ಲ. ಫೋನನ್ನು ಜೇಬಿಗಿಟ್ಟು ಇಳಿಯತೊಡಗಿದ.

ಕಾರನ್ನು ಹಿಂದಿರುಗಿಸಲು ಬಂದಾಗ ಬಾಡಿಗೆ ಕಚೇರಿಯ ಹೆಣ್ಣುಮಗಳು ನಗುತ್ತ, ಅವನಿಗೆ ತಿಳಿಯುವ ಭಾಷೆಯಲ್ಲೇ, "ಹೇಗಿತ್ತು?" ಎಂದಳು.

ಇಷ್ಟು ದಿನಗಳಲ್ಲಿ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಅವನಿಗೆ ಕಟ್ಟೆ ಒಡೆದಂತಾಯಿತು. ಹಿಮದ ಮೇಲೆ ಬಿಸಿಲು ಬಿದ್ದ ಬಗೆ ಹೇಳಿದ. ಏಣಿನ ಮೇಲೆ ಗಾಳಿ ಬೀಸಿದಾಗ ಬಂಡೆಯನ್ನು ಅವುಚಿಕೊಂಡದ್ದನ್ನು ಹೇಳಿದ. ತುದಿಯಲ್ಲಿ ನಿಂತದ್ದನ್ನು ಎರಡು ಸಲ ಹೇಳಿದ. ಹಿಂದೆ ನಿಂತ ಗಿರಾಕಿಗಳು ಕೈಗಡಿಯಾರ ನೋಡಿಕೊಂಡರು. ಅವಳು ತಡೆಯಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲನೆ, "ಕ್ಷಮಿಸಿ, ನಾನು ಕೇಳಿದ್ದು ಕಾರಿನ ವಿಷಯ," ಎಂದಳು.

ಅವನ ಮುಖ ಕೆಂಪಾಯಿತು. "ಕಾರು ಚೆನ್ನಾಗಿತ್ತು," ಎಂದು ಕೀಲಿಕೈ ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಗೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಏನೇ ಆಗಲಿ ಗುರುಗಳೇ, ಅವನು ಶಿಖರ ಮುಟ್ಟಿದನಲ್ಲವೇ?" ಎಂದ.

"ಮುಟ್ಟಿದನಪ್ಪ, ಇಳಿದು ಬಂದದ್ದು ಯಾರ ಬಳಿಗೆ?"