ತೆರೆದ ವಾಲ್ವ್, ತಣ್ಣಗಿನ ನೆಲ

"ಅವ್ವಾ, ಸಿಟ್ಟು ಬಿಟ್ಟ ಮೇಲೂ ಸಂಬಂಧ ಯಾಕೆ ಕೂಡಿಬರುವುದಿಲ್ಲ?" ಎಂದು ನೀಲವ್ವ ಕೇಳಿದಳು.

ಗುರುತಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರ ಮೇಲಿನ ಸಿಟ್ಟು?"

"ತಂಗಿಯ ಮೇಲಿನದು. ಪೂರ್ತಿ ಬಿಟ್ಟಿದ್ದೇನೆ. ಎದೆ ಮುಟ್ಟಿಕೊಂಡು ಹೇಳುತ್ತೇನೆ, ಒಂದು ಚೂರೂ ಉಳಿದಿಲ್ಲ. ಆದರೂ ಅವಳು ನನ್ನ ಹೊಸ್ತಿಲು ತುಳಿಯುವುದಿಲ್ಲ. ಬೇರೆಯವರ ಮದುವೆಯಲ್ಲಿ ಸಿಕ್ಕರೆ ನಗುತ್ತಾಳೆ, ಪಕ್ಕದಲ್ಲೇ ಕುಳಿತು ಉಣ್ಣುತ್ತಾಳೆ. ಬರುವ ಸೋಮವಾರ ಗಂಡನ ಜೊತೆ ಈ ಸೀಮೆಯನ್ನೇ ಬಿಟ್ಟು ಹೋಗುತ್ತಿದ್ದಾಳೆ. ಹೋಗಿಬರುತ್ತೇನೆ ಅನ್ನಲೂ ಬಂದಿಲ್ಲ. ಅವಳ ಮನಸ್ಸು ಕಲ್ಲಾಗಿದೆ, ಅಲ್ಲವೇ?"

"ಮದುವೆಯಲ್ಲಿ ನಗುತ್ತಾಳೆ ಅಂದೆಯಲ್ಲ, ಅದು ಸೋಜಿಗ," ಎಂದರು ಗುರುತಾಯಿ. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದಳು. ಒಂದು ಊರಿನಲ್ಲಿ ಕಾಲು ನಿಲ್ಲಿಸಿದವಳಲ್ಲ. ಹಿಮ ಬೀಳುವ ನಾಡಿನಲ್ಲಿ ಹತಾರಗಳ ಚೀಲ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದಳು. ಅಲ್ಲಿಯ ಜನ ಮನೆ ಬೆಚ್ಚಗಿಡಲು ನೆಲದಡಿ ಕೊಳವೆ ಹಾಸಿ ಬಿಸಿನೀರು ಹರಿಸುತ್ತಾರೆ. ನಮ್ಮ ಬಚ್ಚಲಿಗೆ ಹಂಡೆ ಇದ್ದಂತೆ ಅವರ ಮನೆಗೊಂದು ಬಾಯ್ಲರ್. ಅದರಿಂದ ಕೋಣೆಗೊಂದು ಕೊಳವೆ, ಕೊಳವೆಗೊಂದು ವಾಲ್ವ್. ಕೋಣೆ ತಣ್ಣಗಾದರೆ ಗೋಡೆಯ ಮೇಲಿನ ಥರ್ಮೋಸ್ಟಾಟ್ ಆ ಕೋಣೆಯ ವಾಲ್ವಿಗೆ ತೆರೆದುಕೋ ಎನ್ನುತ್ತದೆ. ಇಂಥ ಏರ್ಪಾಡು ಕೆಟ್ಟಾಗ ರಿಪೇರಿ ಮಾಡುವುದು ಅವಳ ಕಸುಬು.

ಒಂದು ಮಧ್ಯಾಹ್ನ ಅವಳು ದಾರಿ ತಪ್ಪಿದಳು. ಕಣಿವೆಗೆ ಇಳಿಯಬೇಕಾದವಳು ಸುತ್ತಿ ಸುತ್ತಿ ಅದೇ ಸೇತುವೆಗೆ ಬರುತ್ತಿದ್ದಳು. ಕೊನೆಗೆ ಸೇತುವೆಯ ಮಗ್ಗುಲಿನ ವಸತಿಗೃಹದ ಬಾಗಿಲು ತಟ್ಟಿ, "ಕಣಿವೆಗೆ ಹೋಗುವ ದಾರಿ ಯಾವುದಮ್ಮಾ?" ಎಂದು ಕೇಳಿದಳು.

"ನಿನ್ನ ಬೆನ್ನ ಹಿಂದೆಯೇ ಇದೆ," ಎಂದಳು ಯಜಮಾನಿ. "ಮೊದಲು ಒಳಗೆ ಬಂದು ಹೊಟ್ಟೆಗೇನಾದರೂ ಹಾಕಿಕೋ. ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ."

ಬಿಸಿ ಗಂಜಿ ಬಡಿಸಿದಳು. ದುಡ್ಡು ಎಷ್ಟು ಎಂದು ಕೇಳಿದ್ದಕ್ಕೆ ಬೈದಳು. ಉಂಡ ಋಣವನ್ನು ಹೊತ್ತುಕೊಂಡು ನಡೆಯುವುದು ಮೆಕ್ಯಾನಿಕ್‌ಗೆ ಒಗ್ಗದ ಮಾತು. ಏನು ಮಾಡಲಿ ಎಂದು ನೋಡುತ್ತಿರುವಾಗ ಒಳಗೊಂದು ಕೂಸು ಅತ್ತಿತು. ಯಜಮಾನಿಯ ಮಗಳು ಬಾಣಂತಿ. ಅವಳ ಕೋಣೆಯ ನೆಲಕ್ಕೆ ಕಾಲಿಟ್ಟರೆ ಮಂಜುಗಡ್ಡೆ.

"ಬಾಯ್ಲರಿಗೆ ಈ ಕೋಣೆ ಕಂಡರಾಗದು," ಎಂದಳು ಯಜಮಾನಿ. "ಪಕ್ಕದ ಕೋಣೆಗೆ ಗಿರಾಕಿ ಬಂದರೆ ನೋಡು, ಅಲ್ಲೂ ಬಿಸಿ, ಇಲ್ಲೂ ಬಿಸಿ. ಗಿರಾಕಿ ಹೋದನೋ, ಇದು ಮುಸುಕೆಳೆದು ಮಲಗುತ್ತದೆ. ಹೊರಗಿನವರ ಎದುರು ಮರ್ಯಾದಸ್ಥ, ಮನೆಯವರಿಗೆ ಮೊಂಡ. ನನ್ನ ಗಂಡನೂ ಹೀಗೇ ಇದ್ದ."

"ಅಪ್ಪನ ಸುದ್ದಿ ಬಿಡಮ್ಮಾ," ಎಂದು ಮಗಳು ಒಳಗಿನಿಂದಲೇ ಕೂಗಿದಳು. "ನಾಳೆ ಕೂಸನ್ನು ಕಟ್ಟಿಕೊಂಡು ಅತ್ತೆಮನೆಗೆ ಹೊರಟೆ. ಅಲ್ಲಿ ಒಲೆಯಾದರೂ ಉರಿಯುತ್ತದೆ."

ಯಜಮಾನಿಯ ಮುಖ ಸಣ್ಣದಾಯಿತು. ಪಕ್ಕದ ಖಾಲಿ ಕೋಣೆಯನ್ನೂ ಕಾಯಿಸಿ ಮಗಳನ್ನು ಬೆಚ್ಚಗಿಡೋಣವೆಂದರೆ ಚಳಿಗಾಲ ಮುಗಿಯುವ ಮೊದಲೇ ಬಾಯ್ಲರ್ ಉರಿಸುವ ಎಣ್ಣೆ ಮುಗಿಯುತ್ತಿತ್ತು.

ಮೆಕ್ಯಾನಿಕ್ ಚೀಲ ಬಿಚ್ಚಿದಳು. ಥರ್ಮೋಸ್ಟಾಟ್ ಏರಿಸಿದಳು. ವಾಲ್ವ್ ಗುರ್ರೆಂದು ತಿರುಗಿತು. ಅದರ ಬದಿಯ ಸಣ್ಣ ಹಿಡಿಕೆಯನ್ನು ಬೆರಳಿನಿಂದ ಆಡಿಸಿದಳು. ಸಡಿಲವಾಗಿ ಆಡಿತು. ಅಂದರೆ ವಾಲ್ವ್ ಪೂರ್ತಿ ತೆರೆದಿದೆ. ಆದರೂ ಬಾಯ್ಲರ್ ಮಿಸುಕಲಿಲ್ಲ.

"ಹಾಗಾದರೆ ತಪ್ಪು ಬಾಯ್ಲರಿನದೇ, ಅವ್ವಾ," ಎಂದು ನೀಲವ್ವ ನಡುವೆ ಬಾಯಿ ಹಾಕಿದಳು. "ಈ ಕಡೆ ಪೂರ್ತಿ ತೆರೆದೇ ಇದೆಯಲ್ಲ."

"ಮೆಕ್ಯಾನಿಕ್ಕೂ ಹಾಗೇ ಅಂದುಕೊಂಡಳು," ಎಂದು ಗುರುತಾಯಿ ಮುಂದುವರಿಸಿದರು.

ಅವಳು ಬಾಯ್ಲರನ್ನು ಬಿಚ್ಚಿ ನೋಡಿದಳು. ಒಳಗೆಲ್ಲ ಚೊಕ್ಕವಾಗಿತ್ತು. ಅದರ ಎದುರು ಕುಳಿತು ಯಜಮಾನಿಯ ಮಾತನ್ನೇ ಮೆಲುಕು ಹಾಕಿದಳು. ಗಿರಾಕಿ ಬಂದಾಗ ಈ ಕೋಣೆಗೂ ಬಿಸಿನೀರು ಬರುತ್ತದೆ. ನಿಜವಾಗಿ ಹಗೆ ಇದ್ದಿದ್ದರೆ ಆಗಲೂ ಬರಬಾರದಿತ್ತಲ್ಲ? ಪಕ್ಕದ ಕೋಣೆ ಎಬ್ಬಿಸಿದರೆ ಬಾಯ್ಲರ್ ಏಳುತ್ತದೆ, ಎದ್ದ ಮೇಲೆ ಇಲ್ಲಿಗೂ ಕೊಡುತ್ತದೆ. ಹಾಗಾದರೆ ಈ ಕೋಣೆ ಅದನ್ನು ಎಬ್ಬಿಸುತ್ತಿದೆಯೇ?

ಮತ್ತೆ ವಾಲ್ವಿನ ಹತ್ತಿರ ಹೋಗಿ ಮುಚ್ಚಳ ತೆಗೆದಳು. ವಾಲ್ವಿಗೆ ಎರಡು ಕೆಲಸ. ಮೊದಲನೆಯದು ತೆರೆದುಕೊಳ್ಳುವುದು. ಪೂರ್ತಿ ತೆರೆದ ಮೇಲೆ ಒಳಗಿನ ಚಿಕ್ಕ ಸ್ವಿಚ್ಚನ್ನು ಒತ್ತಿ, ನಾನು ತೆರೆದಿದ್ದೇನೆ, ನೀರು ಕಳಿಸು ಎಂದು ಬಾಯ್ಲರಿಗೆ ತಿಳಿಸುವುದು ಎರಡನೆಯದು. ಆ ಸುದ್ದಿಗೆಂದೇ ಬೇರೆ ತಂತಿ ಇರುತ್ತದೆ. ಅದರ ತುದಿ ಸ್ಕ್ರೂ ಅಡಿಯಲ್ಲಿ ಬಿಗಿಯಾಗಿಯೇ ಇತ್ತು. ಎಳೆದರೂ ಬರಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಜೋಡಿಸಿದವನು ತಂತಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಸುಲಿಯದೆ ಹಾಗೇ ಬಿಗಿದು ಹೋಗಿದ್ದ. ಸ್ಕ್ರೂ ಸಿಪ್ಪೆಯನ್ನು ಕಚ್ಚಿಕೊಂಡಿತ್ತು, ಒಳಗಿನ ತಾಮ್ರವನ್ನು ಮುಟ್ಟಿಯೇ ಇರಲಿಲ್ಲ. ಮನೆ ಕಟ್ಟಿದ ದಿನದಿಂದ ಥರ್ಮೋಸ್ಟಾಟ್ ಕರೆದಾಗಲೆಲ್ಲ ಆ ವಾಲ್ವ್ ತೆರೆದುಕೊಂಡಿತ್ತು. ಬಾಯ್ಲರಿಗೆ ಮಾತ್ರ ಒಮ್ಮೆಯೂ ಗೊತ್ತಾಗಿರಲಿಲ್ಲ.

ಅವಳು ಕರೆಂಟು ತೆಗೆದು, ಸಿಪ್ಪೆ ಸುಲಿದು, ತಂತಿಯನ್ನು ಮತ್ತೆ ಬಿಗಿದಳು. ಕರೆಂಟು ಕೊಟ್ಟಳು. ವಾಲ್ವ್ ತೆರೆಯಿತು, ಬಾಯ್ಲರ್ ಧಗ್ಗನೆ ಹೊತ್ತಿಕೊಂಡಿತು.

"ಅಯ್ಯೋ, ಇಷ್ಟು ದಿನ ಇದನ್ನು ಸುಮ್ಮಸುಮ್ಮನೆ ಬೈದೆನಲ್ಲ!" ಎಂದಳು ಯಜಮಾನಿ.

"ಅಪ್ಪನನ್ನೂ ಹೀಗೇ ಬೈದೆಯೋ ಏನೋ," ಎಂದಳು ಮಗಳು.

ಯಜಮಾನಿ ಮಗಳ ಕಡೆ ತಿರುಗಿದಳು. ಅವಳ ಕೈಯಿಂದ ಕೂಸನ್ನು ಎತ್ತಿಕೊಂಡಳು. ಸಂಜೆಯ ಹೊತ್ತಿಗೆ ನೆಲ ಹದವಾಗಿ ಬೆಚ್ಚಗಾಯಿತು. ಬಾಣಂತಿ ಕಟ್ಟಿಟ್ಟಿದ್ದ ಬಟ್ಟೆಗಂಟನ್ನು ಬಿಚ್ಚಿ ಮತ್ತೆ ಕಪಾಟಿನಲ್ಲಿಟ್ಟಳು. ಮೆಕ್ಯಾನಿಕ್ ಬರಿಗಾಲಿನಲ್ಲಿ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆದು ನೋಡಿದಳು. ಗಂಜಿಯ ಋಣ ತೀರಿತು ಎಂದು ನಕ್ಕು ಹೊರಟಳು.

ಕತೆ ಮುಗಿದಿತ್ತು. ಗುರುತಾಯಿ ಕೈ ಒರೆಸಿಕೊಂಡು, ಮೊದಲ ಸಲ ನೀಲವ್ವನ ಮುಖವನ್ನು ನೇರವಾಗಿ ನೋಡಿದರು.

"ನೀನು ಸಿಟ್ಟು ಬಿಟ್ಟದ್ದು ನನಗೆ ಗೊತ್ತಾಯಿತು, ಮಗಳೇ. ನಿನ್ನ ತಂಗಿಗೆ?"