ಹತ್ತರ ನಾಣ್ಯ ನಡೆದ ದಾರಿ

"ಅಜ್ಜಾರ, ನಿಜ ಅನ್ನೋದು ನಡಿಯೋ ಊರು ಎಲ್ಲೆರ ಐತೇನ್ರಿ?"

ಕೇಳಿದವನು ಕರಿಬಸವ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಈಗ ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು ಊರಿಗೆ ಹೊರಟು ನಿಂತಿದ್ದ.

ಗುರುಗಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನಾತೋ ತಮ್ಮಾ?"

"ಏನಾಗಬೇಕ್ರಿ? ಕಿರಾಣಿ ಅಂಗಡ್ಯಾಂವಗ ನಿನ್ನ ತಕ್ಕಡಿ ಸುಳ್ಳು ಹೇಳತೈತಿ ಅಂದೆ, ಹೊರಗ ನಡಿ ಅಂದ. ಗೌಡ್ರಿಗೆ ಕುಡದು ಪೂಜಿಗೆ ಬರಬ್ಯಾಡ್ರಿ ಅಂದೆ, ಇನ್ನ ಮಠಕ್ಕ ಒಂದು ಕಾಳೂ ಕಳಸಂಗಿಲ್ಲ ಅಂದ್ರು. ನೀವು ಮೂರು ವರ್ಷ ಕಲಿಸಿದ್ದು ಪ್ಯಾಟಿಯೊಳಗ ಮೂರು ಕಾಸಿಗೂ ನಡೀಲಿಲ್ಲ. ಮ್ಯಾಲೆ ಈ ಅಡಿಗಿ ಫಕೀರವ್ವ ಬ್ಯಾರೆ! ಪಂಕ್ತಿಯೊಳಗ ಮುಂದಿನ ಎಲಿಗೆ ತುಪ್ಪ ಸುರೀತೀ, ಕಡೀ ಎಲಿಗೆ ಬರೇ ಗಿಂಡಿ ತೋರಸ್ತೀ ಅಂತ ಬೆಳಿಗ್ಗೆ ನನಗ ಬುದ್ಧಿ ಹೇಳಾಕ ಬಂದ್ಲು. ನೀ ಒಲಿ ನೋಡ್ಕೊ ಹೋಗಬೇ ಅಂದೆ. ಸಾಕಾತ್ರಿ ನನಗ. ನಡೀದ ಸರಕು ಹೊತಗೊಂಡು ಎಷ್ಟು ದಿನ ತಿರಗಲಿ?"

ಗುರುಗಳು ಒಂದು ಹಿಡಿ ಶೇಂಗಾ ಅವನ ಕೈಗೆ ಹಾಕಿದರು.

"ಗಂಟು ಇಳಸು. ಊಟದ ಗಂಟಿ ಹೊಡಿಯೋತನಕ ಕೂಡು. ಒಂದು ಕತಿ ಕೇಳಿ ಹೋಗು."

ಕರಿಬಸವ ಕೂತ. ಗಂಟು ಮಾತ್ರ ಇಳಿಸಲಿಲ್ಲ. ಗುರುಗಳು ಹೇಳತೊಡಗಿದರು.

ಒಂದು ಊರಿನ ಬಸ್ ನಿಲ್ದಾಣದ ಬಾಗಿಲಲ್ಲಿ ಒಬ್ಬ ಹೆಂಗಸು ಮಿರ್ಚಿ ಭಜಿ ಕರಿದು ಮಾರುತ್ತಿದ್ದಳು. ಪರವೂರಿನ ಬಸ್ಸುಗಳು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದವು. ಪ್ರಯಾಣಿಕರು ಇಳಿದು ಮಿರ್ಚಿ ತಿಂದು, ಎಷ್ಟೋ ಸಲ ಹತ್ತು ರೂಪಾಯಿಯ ನಾಣ್ಯ ಕೊಟ್ಟು ಹೋಗುತ್ತಿದ್ದರು. ಈಕೆ ಬೇಡ ಎನ್ನುತ್ತಿರಲಿಲ್ಲ. ಹಸಿದು ಬಂದವರ ಮುಖ ನೋಡುವಳೇ ಹೊರತು ನಾಣ್ಯದ ಮುಖ ನೋಡುತ್ತಿರಲಿಲ್ಲ.

ಆದರೆ ಆ ಊರಿನ ಅಂಗಡಿಗಳಲ್ಲಿ ಹತ್ತರ ನಾಣ್ಯಕ್ಕೆ ಬೆಲೆಯಿರಲಿಲ್ಲ. ಕೊಡಹೋದರೆ ಒಂದೇ ಮಾತು: "ನಡಿಯಂಗಿಲ್ಲ." ಅವಳೂ ಒಂದೆರಡು ಕಡೆ ಕೊಟ್ಟು ನೋಡಿ, ಸುಮ್ಮನಾಗಿ, ನಾಣ್ಯಗಳನ್ನು ಎಣ್ಣೆಯ ಹಳೆಯ ಡಬ್ಬಿಯಲ್ಲಿ ಹಾಕಿಡುತ್ತ ಬಂದಳು. ಡಬ್ಬಿ ತುಂಬಿತು.

ಒಂದು ಭಾನುವಾರ ಮಧ್ಯಾಹ್ನ ಅವಳ ಬಾಣಲೆಯ ತಳ ತೂತಾಯಿತು. ಮರುದಿನ ಸಂತೆ. ಸಂತೆಯ ದಿನ ಒಲೆ ಹೊತ್ತಿಸದಿದ್ದರೆ ಅವಳ ಜಾಗದಲ್ಲಿ ಇನ್ನೊಬ್ಬರು ಒಲೆ ಹೂಡುತ್ತಾರೆ. ಒಮ್ಮೆ ಹೂಡಿದರೆ ಮುಗಿಯಿತು, ಆ ಜಾಗ ತಿರುಗಿ ಸಿಗುವುದಿಲ್ಲ. ಹನ್ನೆರಡು ವರ್ಷ ಬಿಸಿಲು ಹೊಗೆ ಕುಡಿದು ಉಳಿಸಿಕೊಂಡ ಜಾಗ ಅದು. ಬ್ಯಾಂಕಿಗೆ ಹೋಗಿ ನೋಟು ಮಾಡಿಸಿಕೊಳ್ಳಬಾರದಿತ್ತೇ ಎನ್ನಬೇಡ. ಭಾನುವಾರ ಅಂದೆನಲ್ಲ!

ಕೈಯಲ್ಲಿದ್ದ ನೋಟೆಲ್ಲ ಸಂತೆಯ ಹಿಟ್ಟು ಎಣ್ಣೆಗೆ ಮುಗಿದಿತ್ತು. ಅವಳು ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಪಾತ್ರೆ ಮಾರುವ ಭಾಂಡೆ ಅಂಗಡಿಗೆ ಹೋದಳು. ದೊಡ್ಡ ಬಾಣಲೆ ಇದ್ದದ್ದು ಒಂದೇ. ಅವಳು ಡಬ್ಬಿಯ ಬಾಯಿ ತೆರೆದಳು. ಅಂಗಡಿಯವನು ಒಳಗೆ ಇಣುಕಿ ನೋಡಿ ತಲೆಯಾಡಿಸಿದ.

"ಯಕ್ಕಾ, ಇವು ನಡಿಯಂಗಿಲ್ಲ."

"ಯಾಕ? ಖೋಟಾ ಅದಾವೇನು?"

"ಖೋಟಾ ಯಾಕ ಆಗ್ತಾವ, ಸರ್ಕಾರದ್ದ ಅದಾವ. ನನ್ನದೇನೂ ತಕರಾರಿಲ್ಲ. ಆದ್ರ ನಾ ಇವನ್ನ ಕೊಡಾಕ ಹೋದ್ರ ಕಿರಾಣಿ ಅಂಗಡ್ಯಾಂವ ತಗೊಳ್ಳಂಗಿಲ್ಲ. ಅಂವ ತಗೊಂಡ್ರ ನಾನೂ ತಗೊಳ್ತೀನಿ."

"ಹಂಗಾದ್ರ ಈ ಬಾಣಲಿ ಇಟ್ಟಿರು. ಕೇಳಕೊಂಡು ಬರ್ತೀನಿ."

"ಖಾನಾವಳಿಯಾಂವ ಇದನ್ನ ಕೇಳಿ ಹೋಗ್ಯಾನ. ಹೊತ್ತು ಮುಳಗೋತನಕ ಇಡ್ತೀನಿ, ಆಮ್ಯಾಲೆ ನನ್ನ ಬೈಬ್ಯಾಡ."

ಅವಳು ಕಿರಾಣಿ ಅಂಗಡಿಗೆ ಹೋದಳು. ಅವನು, ನನ್ನದೇನಿದೆ ತಾಯಿ, ಹಿಟ್ಟಿನ ಗಿರಣಿಯವನು ಮುಟ್ಟುವುದಿಲ್ಲ ಎಂದ. ಗಿರಣಿಗೆ ಹೋದಳು. ಅಲ್ಲಿ ಯಂತ್ರದ ಸದ್ದಿನಲ್ಲಿ ಮೂರು ಸಲ ಕೂಗಿ ಹೇಳಬೇಕಾಯಿತು. ಮೈಯೆಲ್ಲ ಹಿಟ್ಟಾಗಿದ್ದ ಗಿರಣಿಯವನು ಅಷ್ಟೇ ಜೋರಾಗಿ ಕೂಗಿದ: "ನನಗೇನೂ ಇಲ್ಲಬೇ! ಚಾದಂಗಡ್ಯಾಂವ ಒಲ್ಲೆ ಅಂತಾನ!" ಚಾದಂಗಡಿಯವನನ್ನು ಕೇಳಿದರೆ, ಸೈಕಲ್ ಅಂಗಡಿಯವನು ಒಲ್ಲೆ ಅನ್ನುತ್ತಾನೆ ಎಂದ.

ನೋಡಿದೆಯಾ ತಮಾಷೆ! ಒಬ್ಬನಾದರೂ ನಾಣ್ಯ ಕೆಟ್ಟದ್ದು ಎನ್ನಲಿಲ್ಲ. ಎಲ್ಲರೂ ಒಳ್ಳೆಯವರೇ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವುದು ಮಾತ್ರ ಪಕ್ಕದ ಮನೆಯವನ ಕೆಲಸ. ನಡೆಯುವುದಿಲ್ಲ, ನಡೆಯುವುದಿಲ್ಲ! ನಾಣ್ಯಕ್ಕೇನು ಕಾಲಿದೆಯೇನೋ, ಅದು ತಾನಾಗಿ ನಡೆಯುವುದಕ್ಕೆ?

ಬಿಸಿಲು ಇಳಿಯುತ್ತಿತ್ತು. ಡಬ್ಬಿಯ ಭಾರಕ್ಕೆ ಅವಳ ಸೊಂಟ ಹಿಡಿದುಕೊಂಡಿತ್ತು. ಸೈಕಲ್ ಅಂಗಡಿಯವನು ಕುಕ್ಕುರುಗಾಲಲ್ಲಿ ಕೂತು, ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ಮುಖ ಬಗ್ಗಿಸಿ ನೋಡುತ್ತಿದ್ದ. ಬಂದವರು ಯಾರೆಂದು ಕಣ್ಣೆತ್ತಲಿಲ್ಲ.

"ಅಣ್ಣಾ, ಹತ್ತರ ಕಾಯಿನ್ ತಗೊಳ್ತೀಯೇನು?"

"ಇಲ್ಲಬೇ. ತಗೊಂಡು ಏನ್ ಮಾಡ್ಲಿ? ಸಂಜೀಮುಂದ ನನ್ನ ಹುಡುಗ್ರು ಮಿರ್ಚಿ ಮಿರ್ಚಿ ಅಂತ ಜೀವಾ ತಿಂತಾವ. ಆ ಬಸ್ ಸ್ಟ್ಯಾಂಡಿನ ಮಿರ್ಚಿಯಾಕಿ ಅದನ್ನ ತಗೊಳ್ಳಂಗಿಲ್ಲ."

ಅವಳು ಡಬ್ಬಿಯನ್ನು ಧೊಪ್ಪೆಂದು ನೆಲಕ್ಕಿಟ್ಟಳು.

"ಏನಂದಿ? ಯಾರು ತಗೊಳ್ಳಂಗಿಲ್ಲ?"

"ಮಿರ್ಚಿಯಾಕಿ."

"ಆಕೀನ ಕೇಳೀಯೇನು?"

"ಕೇಳೋದೇನೈತಿ? ಊರಾಗ ಯಾರೂ ತಗೊಳ್ಳಂಗಿಲ್ಲ, ಆಕಿ ತಗೊಳ್ತಾಳೇನು?"

"ಏ ಮೂಳಾ, ಕಣ್ಣೆತ್ತಿ ನೋಡೋ ಇಲ್ಲಿ!"

ಅವನು ಕಣ್ಣೆತ್ತಿದ. ಟ್ಯೂಬು ಕೈಯಿಂದ ಜಾರಿ ನೀರು ಮುಖಕ್ಕೆ ಸಿಡಿಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು. ಊರು ಸುತ್ತಿ ಸುತ್ತಿ ಬಂದರೆ, ಕಟ್ಟಕಡೆಗೆ ಒಲ್ಲೆ ಎನ್ನುವವಳು ಅವಳೇ! ಅವಳಿಗೆ ನಗು ತಡೆಯಲಾಗಲಿಲ್ಲ. ಡಬ್ಬಿಯಿಂದ ಒಂದು ನಾಣ್ಯ ತೆಗೆದು ಅವನ ಒದ್ದೆ ಅಂಗೈಯಲ್ಲಿ ಇಟ್ಟಳು.

"ಹಿಡಿ ಇದನ್ನ. ನಾಳೆ ನೀ ಇದನ್ನ ತಂದ್ರೂ ಸೈ, ಯಾರ ತಂದ್ರೂ ಸೈ, ನಾ ಮಿರ್ಚಿ ಕೊಡ್ತೀನಿ. ಈಗ ಏಳು, ಚಾದಂಗಡಿಗೆ ನಡಿ. ನನಗ ಹೊತ್ತಿಲ್ಲ!"

ಸೈಕಲ್ ಅಂಗಡಿಯವನು ಎದ್ದ. ಚಾದಂಗಡಿಗೆ ಹೋಗಿ, ಒಂದು ಚಹಾ ಕುಡಿದು, ಆ ನಾಣ್ಯವನ್ನು ಟಣ್ ಎಂದು ಇಟ್ಟ. "ಅಲ್ಲಲೇ, ನೀನ ಒಲ್ಲೆ ಅಂತಿದ್ದಿ!" ಎಂದ ಚಹಾದವನು. "ಈಗ ಒಲ್ಲೆ ಅನ್ನಂಗಿಲ್ಲ. ಮಿರ್ಚಿಯಾಕಿ ತಗೊಳ್ತಾಳ!" ಚಹಾದವನು ಒಲೆ ಸಣ್ಣ ಮಾಡಿ ತಾನೂ ಹೊರಟ. ಗಿರಣಿಯಲ್ಲಿ ತನ್ನ ಜೋಳ ಬೀಸಿಟ್ಟಿದ್ದರು, ಅದಕ್ಕೆ ಆ ನಾಣ್ಯ ಕೊಟ್ಟ. ಗಿರಣಿಯವನು ಯಂತ್ರ ನಿಲ್ಲಿಸಿದ. ಆ ಗಿರಣಿ ಹಗಲುಹೊತ್ತಿನಲ್ಲಿ ನಿಂತದ್ದನ್ನು ಊರು ಕಂಡಿರಲಿಲ್ಲ. ಏನಾಯಿತು, ಯಾರಿಗೆ ಏನಾಯಿತು ಎಂದು ಮನೆಮನೆಯಿಂದ ಜನ ಹೊರಬಿದ್ದರು. "ನಾಣ್ಯ ನಡಿಯಾಕತ್ತೈತಿ, ಬರ್ರಿ!" ಎಂದು ಯಾರೋ ಕೂಗಿದರು. ಆಮೇಲೆ ಕೇಳುವುದೇನಿದೆ! ಮುಂದೆ ಹಿಟ್ಟು ಮೆತ್ತಿದ ಗಿರಣಿಯವನು, ಹಿಂದೆ ಡಬ್ಬಿ ಹೊತ್ತ ಅವಳು, ಅವಳ ಹಿಂದೆ ಓಣಿಗೆ ಓಣಿಯೇ. ಕಿರಾಣಿ ಅಂಗಡಿಯಲ್ಲಿ ಅವನು ಆ ನಾಣ್ಯ ಕೊಟ್ಟು ಬೆಲ್ಲ ತೆಗೆದುಕೊಂಡ. ಕಿರಾಣಿಯವನು ನಾಣ್ಯವನ್ನು ಗಲ್ಲೆಗೆ ಹಾಕದೆ, ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಬನಿಯನ್ನಿನಲ್ಲೇ ಭಾಂಡೆ ಅಂಗಡಿಯ ಕಡೆ ಓಡಿದ.

ಭಾಂಡೆ ಅಂಗಡಿಯಲ್ಲಿ ಖಾನಾವಳಿಯವನು ನೋಟು ಹಿಡಿದು ನಿಂತಿದ್ದ. ಬಾಣಲೆಗೆ ಅರ್ಧ ಕಾಗದ ಸುತ್ತಿ ಆಗಿತ್ತು.

"ನಿಲ್ಲೋ, ನಿಲ್ಲೋ!" ಎನ್ನುತ್ತ ಕಿರಾಣಿಯವನು ಏದುಸಿರು ಬಿಟ್ಟು ನಾಣ್ಯವನ್ನು ಮುಂದೆ ಇಟ್ಟ. "ಒಂದು ಚಮಚ ಕೊಡು. ಇದು ನನ್ನ ಕೈಯಿಂದ ಬಂತು. ಇನ್ನ ನನ್ನ ಹೆಸರು ಹೇಳಬ್ಯಾಡ!"

"ಆದ್ರ ಹೊತ್ತು ಮುಳುಗಿತಲ್ಲ," ಎಂದ ಖಾನಾವಳಿಯವನು.

ಓಣಿಯ ಜನವೆಲ್ಲ ಒಟ್ಟಿಗೆ ಪಡುವಣದ ಕಡೆ ತಿರುಗಿದರು. ನೀರಿನ ಟಾಕಿಯ ಹಿಂದೆ ಸೂರ್ಯ ಇನ್ನೂ ಒಂದು ಬೆರಳಿನಷ್ಟು ಉಳಿದಿದ್ದ. "ಐತಿ! ಐತಿ!" ಎಂದು ಎಲ್ಲರೂ ಕೂಗಿದರು.

ಭಾಂಡೆಯವನು ನಕ್ಕ. ಸುತ್ತಿದ ಕಾಗದ ಹರಿದು ಬಾಣಲೆಯನ್ನು ಅವಳ ಕೈಗೆ ಕೊಟ್ಟ, ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಅವಳು ಬಾಣಲೆಯನ್ನು ಎದೆಗೆ ಅವುಚಿಕೊಂಡು, ಅಷ್ಟು ಜನರ ನಡುವೆ ನಗುತ್ತ ನಗುತ್ತ ಅತ್ತಳು. ಜಾಗ ಉಳಿಯಿತು.

ಗುರುಗಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಕರಿಬಸವ ಯಾವಾಗಲೋ ಗಂಟು ಇಳಿಸಿ, ತೊಡೆ ತಟ್ಟಿಕೊಂಡು ಕೂತಿದ್ದ.

"ಭೇಷ್ ಹೆಣ್ಮಗಳು! ಸೈ ಅಂದ್ರ ಸೈ! ಹಂಗಾದ್ರ ನಿಜಾನೂ ನಡಿಯತೈತಿ ಅಂತ ಆತು, ಅಲ್ರಿ ಅಜ್ಜಾರ?"

"ಕತಿ ಮುಗದೈತಿ ಅಂತ ನಾ ಅಂದೆನೇನು?" ಎಂದು ಗುರುಗಳು ಗದರಿ, ಮುಂದುವರಿಸಿದರು.

ಮರುದಿನ ಸಂತೆ. ಹೊಸ ಬಾಣಲೆಯಲ್ಲಿ ಎಣ್ಣೆ ಕಾಯಿತು. ಊರಿನವರು ಅಕ್ಕಿ ಡಬ್ಬಿ, ದೇವರ ಮಾಡು, ಹಳೆಯ ಪೆಟ್ಟಿಗೆ ಎಂದು ಎಲ್ಲೆಲ್ಲೋ ಅಡಗಿಸಿಟ್ಟ ಹತ್ತರ ನಾಣ್ಯಗಳನ್ನು ತಂದು ತಂದು ಮಿರ್ಚಿ ತಿಂದರು. ಅವಳು ಒಂದನ್ನೂ ಬೇಡ ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬಸ್ಸು ಬಂತು. ಒಬ್ಬ ಮುದುಕ ಇಳಿದು ಬಂದ. ಬೆಳಗಿನಿಂದ ಏನೂ ತಿಂದಿಲ್ಲ ತಾಯಿ, ನಾಲ್ಕು ಮಿರ್ಚಿ ಕೊಡು ಎಂದ. ಕೊಟ್ಟಳು. ಅವನು ಕಿಸೆಯಿಂದ ಇಪ್ಪತ್ತು ರೂಪಾಯಿಯ ನಾಣ್ಯ ತೆಗೆದು ಕೊಟ್ಟ. ಅವನ ಹತ್ತಿರ ಬೇರೆ ಹಣವಿರಲಿಲ್ಲ.

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ದುಂಡಗೂ ಇಲ್ಲ, ಅಂಚಿಗೆಲ್ಲ ಮೂಲೆ ಮೂಲೆ. ಅಂಥದ್ದನ್ನು ಅವಳು ಕಂಡೇ ಇರಲಿಲ್ಲ. ನಿನ್ನೆ ಅಲೆದ ಕಾಲು ಇನ್ನೂ ನೋಯುತ್ತಿತ್ತು.

"ಯಜ್ಜಾ, ಇದು ನಡಿಯಂಗಿಲ್ಲ," ಎಂದಳು.

"ಯಾಕವ್ವಾ?"

"ನನ್ನದೇನಿಲ್ಲ. ಭಾಂಡೆ ಅಂಗಡ್ಯಾಂವ ತಗೊಳ್ಳಂಗಿಲ್ಲ."

"ಕೇಳೀಯೇನವ್ವಾ ಅವನ್ನ?"

ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ. ಮುದುಕ ಮಿರ್ಚಿಯ ಪೊಟ್ಟಣವನ್ನು ಹಾಗೇ ಹಲಗೆಯ ಮೇಲಿಟ್ಟು, ನಾಣ್ಯವನ್ನು ಕಿಸೆಗೆ ಹಾಕಿಕೊಂಡು, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದ.

ಕತೆ ಅಲ್ಲಿಗೆ ನಿಂತಿತು. ಕರಿಬಸವ ಎದ್ದು ನಿಂತುಬಿಟ್ಟ.

"ಅಯ್ಯಯ್ಯ, ಎಂಥಾಕೀರಿ ಆಕಿ! ನಿನ್ನೆ ಊರೆಲ್ಲಾ ತಿರುಗಿ ತನ್ನ ನಾಣ್ಯ ನಡಿಸಿದಾಕಿ, ಇವತ್ತ ಕೈಗೆ ಬಂದ ನಾಣ್ಯ ಒಲ್ಲೆ ಅಂದ್ಲಲ್ರಿ! ಅಷ್ಟೂ ತಿಳೀಲಿಲ್ಲೇನ್ರಿ ಆಕೀಗೆ? ನಾ ಅಲ್ಲಿದ್ದಿದ್ರ ಬಿಡತಿದ್ದಿಲ್ಲ, ಆಕೀ ಕೈಯಾಗ ಅದನ್ನ ಇಟ್ಟ ಬರತಿದ್ದೆ!"

ಒಳಗೆ ಊಟದ ಗಂಟೆ ಹೊಡೆಯಿತು. ಜನ ಸಾಲಾಗಿ ಎಲೆಯ ಮುಂದೆ ಕೂರುತ್ತಿದ್ದರು. ಫಕೀರವ್ವ ತುಪ್ಪದ ಗಿಂಡಿಯನ್ನು ಹೊಸ್ತಿಲ ಮೇಲೆ ತಂದಿಟ್ಟು, ಇವರ ಕಡೆ ನೋಡದೆ ಒಲೆಯ ಬಳಿಗೆ ಹೋದಳು.

ಗುರುಗಳು ಮಡಿಲಿನ ಶೇಂಗಾ ಸಿಪ್ಪೆ ಕೊಡವಿಕೊಂಡು ಎದ್ದರು.

"ಪಂಕ್ತಿ ಕೂತೈತಿ, ಗಿಂಡಿ ತಗೋ ತಮ್ಮಾ; ಫಕೀರವ್ವ ಬೆಳಿಗ್ಗೆ ಕೊಟ್ಟು ನೀ ಒಲ್ಲೆ ಅಂದ ನಾಣ್ಯ ಇವತ್ತ ಕಡೀ ಎಲಿಯಿಂದ ನಡೀಲಿ."