ಹಿಂದಿನ ಸೀಟಿನ ಅಜ್ಜಾರು

ಎಲ್ಲಿ ಹೋಗಿದ್ದಾರು, ಹೇಳಿ ನೋಡೋಣ?

ಹಿಮಾಚಲದ ಗುಡ್ಡದ ರಸ್ತೆ. ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ನನ್ನ ಗುರುಗಳು. ಹನ್ನೊಂದು ಕಿಲೋಮೀಟರು ಅವರ ಜೊತೆ ಮಾತಾಡುತ್ತ ಬಂದಿದ್ದೇನೆ. ತುದಿಯಲ್ಲಿ ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ಮನುಷ್ಯನೇ ಇಲ್ಲ!

ಬಿದ್ದರು ಅಂದಿರಾ? ನನಗೂ ಮೊದಲು ಹಾಗೇ ಅನಿಸಿತು. ತಾಳಿ, ಮೊದಲಿನಿಂದ ಹೇಳುತ್ತೇನೆ. ನಿವೃತ್ತನಿಗೆ ಅವಸರವೇನು?

ಅವರು ಅಡಿವೆಪ್ಪಜ್ಜಾರು. ಮಲಪ್ರಭೆಯ ದಂಡೆಯ ಮೇಲೆ ಅವರದೊಂದು ಪುಟ್ಟ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ. ಅದಕ್ಕೂ ಮೊದಲು ಮೂವತ್ತು ವರ್ಷ ಲಾರಿ ಓಡಿಸಿದವರು, ಅದೂ ಬರೀ ಗುಡ್ಡಗಾಡಿನಲ್ಲಿ. ಆ ಕಾಲದ ಚಟ ಒಂದು ಉಳಿದಿತ್ತು: ಯಾವ ಸಂಗತಿ ಹೇಳಿದರೂ ತಾರೀಖು, ವಾರ ಸೇರಿಸಿಯೇ ಹೇಳುವರು.

ನಾನು ಶೀಲವಂತರ. ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಭೂಗರ್ಭಶಾಸ್ತ್ರ ಹೇಳಿದವನು. ಹುಡುಗರು ಮಲಗಿದರೂ ಪಾಠ ನಿಲ್ಲಿಸಿದವನಲ್ಲ. ಎರಡು ವರ್ಷದಿಂದ ಅಜ್ಜಾರ ಶಿಷ್ಯ, ಎರಡು ವರ್ಷದಿಂದ ಒಂದೇ ಬೇಡಿಕೆ.

“ಅಜ್ಜಾರ, ನನಗೊಂದು ಉಪದೇಶ ಕೊಡ್ರಿ.”

“ಕೊಡೂಣಂತ. ಕಿವಿ ಖಾಲಿ ಆಗಲಿ, ಮಾಸ್ತರ.”

ಒಂದು ದಿನ ಅವರೇ ಅಂದರು: “ನಿನ್ನ ಹಿಮಾಲಯ ನೋಡೂಣು ನಡಿ. ರೈಲಿನಾಗ ಗಾಡಿ ಹಾಕ್ಕೊಂಡು ಹೋಗೂಣು. ಮ್ಯಾಲ ನೀ ಹೊಡಿ, ನಾ ಹಿಂದ ಕೂಡತೇನಿ.”

ಹುಬ್ಬಳ್ಳಿ ಸ್ಟೇಶನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗಾಡಿಗೆ ಗೋಣಿತಾಟು ಸುತ್ತುತ್ತಿದ್ದರು.

“ಟಾಕಿ ಪೂರ್ತಿ ಖಾಲಿ ಮಾಡ್ರಿ ಸಾಹೇಬ್ರ,” ಅಂದ ಗುಮಾಸ್ತ. “ಒಂದು ಹನಿ ಪೆಟ್ರೋಲ್ ಇದ್ರೂ ರೈಲು ಒಯ್ಯೂದಿಲ್ಲ.”

ನಾನು ಪೈಪು ಕಿತ್ತು ಕ್ಯಾನಿಗೆ ಇಳಿಸಿದೆ. ಅಜ್ಜಾರು ಟಾಕಿಗೆ ಕಿವಿಯಿಟ್ಟು ಬೆರಳಿನಿಂದ ಬಡಿದು ನೋಡಿದರು.

“ಗಾಡಿದು ಆತು,” ಅಂದರು. “ನಿಂದ?”

ನಾನು ನಕ್ಕೆ. ಅರ್ಥವಾಗದಿದ್ದಾಗ ನಗುವುದು ನನಗೆ ರೂಢಿ.

ಚಂಡೀಗಡದ ರೈಲು ಬಂತು. ಕೂತೆವು. ಇನ್ನೇನು ಸಿಳ್ಳು ಹಾಕಬೇಕು, ಅಜ್ಜಾರು ನನ್ನ ಮೊಣಕಾಲು ತಟ್ಟಿದರು.

“ಮಾಸ್ತರ, ನಿನಗೊಂದು ಮಾತು ಹೇಳೂದೈತಿ.”

ಎರಡು ವರ್ಷ ಕಾದ ಮಾತು! ಆದರೆ ಎಲ್ಲಿ? ಸೀಟಿನ ಕೆಳಗೆ ಶೇಂಗಾ ಸಿಪ್ಪೆ, ಪಕ್ಕದಲ್ಲಿ ಅಳುವ ಕೂಸು, ಮೇಲಿನ ಬರ್ತಿನಿಂದ ಯಾರದೋ ಕಾಲು.

“ಇಲ್ಲಿ ಬ್ಯಾಡ್ರಿ ಅಜ್ಜಾರ. ಗುಡ್ಡದ ತುದೀಗೆ ಹೇಳ್ರಿ. ಅಂಥಾ ಮಾತು ಅಂಥಾ ಜಾಗಾದಾಗ ಕೇಳಬೇಕು.”

“ಅಲ್ಲಿ ತಡಾ ಆಗತೈತಿ.”

“ಆಗಲ್ರಿ! ಇಷ್ಟ ದಿನ ಕಾದೇನಿ, ಇನ್ನಷ್ಟು ಕಾಯ್ತೇನಿ.”

ಅಜ್ಜಾರು ಶೇಂಗಾ ಪೊಟ್ಟಣ ಬಿಚ್ಚಿದರು. ನಾನು ಹಿಮಾಲಯ ಸಮುದ್ರದ ತಳದಿಂದ ಹೇಗೆ ಎದ್ದಿತು ಎಂದು ಶುರುಮಾಡಿದೆ. ಬೆಳಗಾವಿ ಹೋಯಿತು, ಮಿರಜ ಹೋಯಿತು. ಹಿಮಾಲಯ ಇನ್ನೂ ಅರ್ಧ ಎದ್ದಿರಲಿಲ್ಲ.

ಚಂಡೀಗಡದಲ್ಲಿ ಗಾಡಿ ಇಳಿಸಿಕೊಂಡು, ಪೆಟ್ರೋಲ್ ಪಂಪಿನವರೆಗೆ ತಳ್ಳಿಕೊಂಡು ಹೋಗಿ, ಟಾಕಿ ತುಂಬಿಸಿ ಹೊರಟೆವು. ಸಾಮಾನಿನ ದೊಡ್ಡ ಬೆನ್ನುಚೀಲವನ್ನು ಸೀಟಿನ ಮೇಲೆ ನಿಲ್ಲಿಸಿ ಹಗ್ಗ ಬಿಗಿದಿದ್ದೆ. ಮುಂದೆ ನಾನು, ನಡುವೆ ಚೀಲ, ಹಿಂದೆ ಅಜ್ಜಾರು. ಕನ್ನಡಿಯಲ್ಲಿ ನೋಡಿದರೆ ಬರೀ ಚೀಲ. ತಗ್ಗು ಬಂದಾಗಲೆಲ್ಲ ಅದು ನನ್ನ ಬೆನ್ನಿಗೆ ಒರಗುತ್ತಿತ್ತು. ಅಜ್ಜಾರೇ ಒರಗಿದರು ಅಂದುಕೊಂಡು ನನಗೆ ಹಿಗ್ಗು.

ಮೂರು ದಿನ ಡಾಂಬರು ರಸ್ತೆ. ನಾಲ್ಕನೆಯ ದಿನ, ಮುಂಜಾನೆ ಹತ್ತರ ಸುಮಾರಿಗೆ, ರಸ್ತೆಯನ್ನೇ ಕೊಯ್ದು ಹರಿಯುವ ಹಳ್ಳ ಬಂತು. ದಾರಿಯಲ್ಲಿ ಸಿಕ್ಕ ಮೊದಲ ಹಳ್ಳ. ಹಿಮ ಕರಗಿದ ನೀರು, ಮೊಣಕಾಲುದ್ದ. ದಂಡೆಯಲ್ಲಿ ಗಾಡಿ ನಿಲ್ಲಿಸಿ ಕಲ್ಲುಗಳನ್ನು ನೋಡಿಕೊಂಡೆ. ಮಾತು ಮಾತ್ರ ನಿಂತಿರಲಿಲ್ಲ.

“ನೋಡ್ರಿ ಅಜ್ಜಾರ, ಈ ಕಲ್ಲು ಒಂದ ಕಾಲಕ್ಕ ಸಮುದ್ರದ ಕೆಸರಿತ್ತು!”

ಗೇರು ಹಾಕಿದೆ, ನುಗ್ಗಿಸಿದೆ, ದಾಟಿಯೇ ಬಿಟ್ಟೆ! ಅರವತ್ತನಾಲ್ಕರ ಪ್ರಾಯ ನನ್ನದು. ಆ ಖುಷಿಯಲ್ಲಿ ಏರು ಹತ್ತಿದೆ.

ಗಾಡಿ ಯಾಕೋ ಹಗುರಾಗಿ ಏರುತ್ತಿತ್ತು. ಗುರುಕೃಪೆ ಅಂದುಕೊಂಡೆ.

ಹನ್ನೊಂದು ಕಿಲೋಮೀಟರು. ಸಮುದ್ರ ಮುಗಿಸಿ ಸಾಧನೆಗೆ ಬಂದಿದ್ದೆ. ಗಮನ ಎಂದರೇನು, ಎಚ್ಚರ ಎಂದರೇನು, ಎಲ್ಲ ಹೇಳಿದೆ. ಅಜ್ಜಾರು ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಇವತ್ತು ಒಪ್ಪಿಕೊಂಡರಲ್ಲ ಎಂದು ಕಣ್ಣು ತುಂಬಿ ಬಂತು.

ತುದಿಯಲ್ಲಿ ತಾಡಪಾಲಿನ ಒಂದು ಚಹಾ ಅಂಗಡಿ. ಮುದುಕಿಯೊಬ್ಬಳು ಒಲೆ ಊದುತ್ತಿದ್ದಳು. ನನ್ನ ಕಾಲೇಜು ಹಿಂದಿಯಲ್ಲಿ ಕೇಳಿದೆ.

“ಎರಡು ಚಹಾ ಕೊಡಮ್ಮ.”

ಮುದುಕಿ ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು.

“ಎರಡನೇದು ಯಾರಿಗಪ್ಪ? ಚೀಲಕ್ಕಾ?”

ತಿರುಗಿದೆ.

ಚೀಲ. ಹಗ್ಗ. ಹಿಂದೆ ಖಾಲಿ ಸೀಟು.

ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ತಳ ಕಾಣದ ಕಮರಿ. ಯಾವ ತಿರುವಿನಲ್ಲಿ? ಯಾವ ತಗ್ಗಿನಲ್ಲಿ? ನಾನು ಏನು ಹೇಳುತ್ತಿದ್ದಾಗ?

ಗಾಡಿ ತಿರುಗಿಸಿದೆ. ಒಂದೊಂದು ತಿರುವಿಗೂ ಇಳಿದು ಕಮರಿಗೆ ಬಗ್ಗಿ ನೋಡಿದೆ. ಕೆಳಗೆ ಬೆಳ್ಳಗೆ ಏನೋ ಕಾಣುವುದು. ಅಜ್ಜಾರ ಧೋತರ! ಕಣ್ಣು ಕಿರಿದು ಮಾಡಿದರೆ ಹಿಮ. ಮತ್ತೊಂದು ತಿರುವು, ಮತ್ತೆ ಬೆಳ್ಳಗೆ. ಹಿಮ. ಅಷ್ಟು ಹಿಮ ನನಗೆ ಯಾವ ಪಟದಲ್ಲೂ ಕಂಡಿರಲಿಲ್ಲ.

ಹಳ್ಳದ ದಂಡೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಬಿಸಿಲೇರಿ ಹಿಮ ಕರಗಿತ್ತು. ಮುಂಜಾನೆಯ ಮೊಣಕಾಲುದ್ದದ ನೀರು ಈಗ ಎದೆಯೆತ್ತರ, ಕಂದು ಬಣ್ಣ, ಬಂಡೆ ಉರುಳುವ ಸದ್ದು.

ಆಚೆ ದಂಡೆಯ ಕಲ್ಲಿನ ಮೇಲೆ ಅಜ್ಜಾರ ಚಪ್ಪಲಿ. ಎರಡೂ, ಜೋಡಿಸಿ ಇಟ್ಟಂತೆ.

ಅಜ್ಜಾರಿಲ್ಲ.

“ಅಜ್ಜಾರಽಽ!” ಎಂದು ಕೂಗಿದೆ. ನೀರಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಅರವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ಮಂಡಿಯೂರಿ ಕೂತುಬಿಟ್ಟೆ.

ಎಷ್ಟು ಹೊತ್ತೋ. ಆಚೆ ತಿರುವಿನಿಂದ ರಸ್ತೆ ಕೆಲಸದವರ ಹಳದಿ ಜೆಸಿಬಿ ಬಂತು. ದಂಡೆಯಲ್ಲಿ ನಿಂತು ಬಕೆಟ್ಟು ಇಳಿಸಿತು. ಅದರ ಹಿಂದಿನಿಂದ ಸಣ್ಣ ಆಳೊಬ್ಬರು ನಡೆದು ಬಂದರು, ಕೈಯಲ್ಲಿ ಚಹಾದ ಗ್ಲಾಸು. ಚಪ್ಪಲಿ ಎತ್ತಿಕೊಂಡರು. ಬಕೆಟ್ಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಜೆಸಿಬಿ ನೀರಿಗಿಳಿಯಿತು. ಗಾಳಿಯಲ್ಲಿ ತೇಲುತ್ತ, ಚಹಾ ಕುಡಿಯುತ್ತ, ನನ್ನ ಗುರುಗಳು ಹಳ್ಳ ದಾಟಿ ಬಂದರು.

ಕಾಲು ಹಿಡಿದುಕೊಂಡೆ. ಮಂಜಿನಂತೆ ತಣ್ಣಗಿದ್ದವು.

“ಅಜ್ಜಾರ... ಬಿದ್ದಿರಿ ಅಂತ ತಿಳಿದಿದ್ದೆರಿ...”

“ಬೀಳಲಿಲ್ಲಪಾ, ಇಳದೆ. ಹಳ್ಳ ಬಂದ್ರ ಹಿಂದಿನಾಂವ ಇಳೀಬೇಕು, ಗಾಡಿ ಹಗುರ ಆಗಬೇಕು. ಕಲ್ಲು ಹಿಡದು ನಡಕೋತ ದಾಟೂದು, ಆಚೆ ದಂಡಿಗೆ ಮತ್ತ ಹತ್ತೂದು. ಗುಡ್ಡದಾಗ ಹುಟ್ಟಿದ ಕೂಸಿಗೂ ಗೊತ್ತು.”

“ಮತ್ತ ದಾಟಲಿಲ್ಲ ಯಾಕ್ರಿ?”

“ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಡೂದ್ರಾಗ ನೀ ತಿರುವು ಹೊಡದಿದ್ದಿ. ಅಷ್ಟರಾಗ ಈ ಮಂದಿ ಚಹಾಕ್ಕ ಕರದ್ರು. ಹೊಳ್ಳಿ ಬರ್ತಿ ಅಂತ ಗೊತ್ತಿತ್ತು. ಇಷ್ಟ ತಡಾ ಅಂತ ಗೊತ್ತಿರಲಿಲ್ಲ.”

“ಒಂದು ಕೂಗಾದ್ರೂ ಹಾಕಬಾರದೇನ್ರಿ?”

“ಮೂರು ಸಲ ಹಾಕಿದೆ. ನೀ ಆಗ ಸಮುದ್ರದಾಗಿದ್ದಿ.”

ಜೆಸಿಬಿ ಚಾಲಕ ನಗುತ್ತಿದ್ದ. ಅವನಿಗೆ ಕನ್ನಡ ಬಾರದು, ಆದರೂ ನಕ್ಕ.

“ತುದಿ ಮುಟ್ಟಿದಿ?” ಅಜ್ಜಾರು ಕೇಳಿದರು.

“ಮುಟ್ಟಿದೆರಿ.”

“ದಾರಿಯಾಗ ಏನೇನ ಹೇಳಿದಿ?”

ತಲೆ ತಗ್ಗಿಸಿದೆ. “ಗಮನದ ಬಗ್ಗೆ ಹೇಳಿದೆರಿ.”

ಅಜ್ಜಾರು ಚೀಲದ ಬೆನ್ನು ತಟ್ಟಿದರು. “ಛಲೋ ಶಿಷ್ಯ ಸಿಕ್ಕಾನ ನಿನಗ. ನಡುವ ಬಾಯಿ ಹಾಕೂದಿಲ್ಲ.”

ಚೀಲದ ಹಗ್ಗ ಬಿಚ್ಚಿ ನನ್ನ ಬೆನ್ನಿಗೇ ಏರಿಸಿಕೊಂಡೆ. ಅಜ್ಜಾರು ಅದನ್ನು ಮುಂದಕ್ಕೆ ತಿರುಗಿಸಿ ನನ್ನ ಎದೆಗೆ ಕಟ್ಟಿದರು. ಹಿಂದಿನ ಸೀಟಿಗೆ ಹತ್ತಿದರು. ಅವರ ಮೊಣಕಾಲು ನನಗೆ ತಾಗಿತು.

ಗಾಡಿ ಚಾಲೂ ಮಾಡಲಿಲ್ಲ. ಕಾದೆ. ನೀರಿನ ಸದ್ದು ಕೇಳುತ್ತಿತ್ತು. ಅಷ್ಟು ಹೊತ್ತು ಅದನ್ನು ಕೇಳಿಯೇ ಇರಲಿಲ್ಲ ಅನಿಸಿತು.

ಆಮೇಲೆ ಮೆಲ್ಲಗೆ ಕೇಳಿದೆ.

“ಅಜ್ಜಾರ, ರೈಲಿನಾಗ ಒಂದು ಮಾತು ಹೇಳೂದೈತಿ ಅಂದಿದ್ರಿ. ನಾನ ಬ್ಯಾಡ ಅಂದೆ. ಆ ಉಪದೇಶ ಈಗಾದ್ರೂ ಹೇಳ್ರಿ.”

ಅಜ್ಜಾರು ನನ್ನ ಹೆಗಲ ಮೇಲೆ ಕೈಯಿಟ್ಟರು.

“‘ಹಳ್ಳ ಬಂದಾಗ ನಾ ಇಳಿತೇನಿ, ದಾಟಿದ ಮ್ಯಾಲ ನನ್ನ ಹತ್ತಿಸ್ಕೊ’ ಅಂತ ಹೇಳೂದಿತ್ತಪಾ. ಹುಬ್ಬಳ್ಳಿಯೊಳಗ, ರೈಲು ಬಿಡೂ ಮುಂದ. ಎರಡು ಸಾವಿರದ ಇಪ್ಪತ್ಮೂರು, ಜೂನ್ ಹದಿನಾಲ್ಕು, ಬುಧವಾರ.”